ನಾರ್ವೆಯ ಚರ್ಚಿಗೊಂದು ಸ್ಥಳಪುರಾಣ

ನಾನು ನಾರ್ವೆ ದೇಶವನ್ನು ಕಂಡವಳಲ್ಲ. ಬೆಂಗಳೂರಿಗೆ ಹೋಗುವಾಗ ವಿಮಾನದ ಸೀಟಿನ ಮುಂದಿನ ನಕಾಶೆಯಲ್ಲಿ ಅದರ ಅಂಚು ಕಂಡದ್ದುಂಟು, ಅಷ್ಟೇ. ಆದರೂ ಆ ದೇಶದ ಒಂದು ಪುಟ್ಟ ಹಳ್ಳಿಯ ಚರ್ಚಿನ ಚರಿತ್ರೆಯಲ್ಲಿ ಎರಡು ಪ್ಯಾರಾ ನನ್ನವು. ಎರಡೂ ಹಸಿ ಸುಳ್ಳು. ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನಲ್ಲಿರುವ ನಮ್ಮ ಅಡುಗೆಮನೆಯಲ್ಲಿ, ಒಲೆಯ ಮೇಲೆ ಕುಕ್ಕರ್ ಇಟ್ಟು, ಮೂರನೆಯ ಸೀಟಿ ಕೂಗುವುದರೊಳಗೆ ಬರೆದು ಮುಗಿಸಿದ್ದು. ಬರೆ ಎಂದು ಯಾರೂ ಹೇಳಿರಲಿಲ್ಲ. ತಪ್ಪು ಪೂರ್ತಿ ನನ್ನದು, ಸ್ವಲ್ಪ ನಮ್ಮಪ್ಪನದು.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತೆರಡು ವರ್ಷದ ಒಬ್ಬ ಹೆಂಗಸಿದ್ದಾರೆ. ನಾರ್ವೆಯಿಂದ ಬಂದ ಅಜ್ಜಿಯ ಮೊಮ್ಮಗಳು. ಹುಟ್ಟಿ ಬೆಳೆದದ್ದು ಬ್ರೂಕ್ಲಿನ್ನಿನಲ್ಲಿ. ಮೂವತ್ತು ವರ್ಷ ಒಂದು ಶಾಲೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಡ್ರೈವ್‌ವೇ ಮೇಲೆ ಬಿದ್ದ ಸ್ನೋವನ್ನು ಇಂದಿಗೂ ತಾವೇ ಸಲಿಕೆ ಹಿಡಿದು ತೆಗೆಯುತ್ತಾರೆ. ಒಮ್ಮೆ ನನ್ನ ಗಂಡ ಸಹಾಯಕ್ಕೆ ಹೋದರು. ಇವರು ಸಲಿಕೆ ಹಿಡಿದ ರೀತಿಯನ್ನು ಆಕೆ ಎರಡು ನಿಮಿಷ ನೋಡಿ, ಕಿತ್ತುಕೊಂಡು, ಮನೆಗೆ ಹೋಗಿ ಚಹಾ ಕುಡಿಯಲು ಹೇಳಿ ಕಳಿಸಿದರು. ನಾವು ಮನೆಯೊಳಗೆ ಅವರನ್ನು ಅಜ್ಜಿ ಎಂದೇ ಕರೆಯುವುದು. ಆದರೆ ಈ ಕಥೆಯಲ್ಲಿ ಅವರ ಅಜ್ಜಿಯೂ ಬರುವುದರಿಂದ, ಗೊಂದಲ ಬೇಡವೆಂದು, ಇಲ್ಲಿ ಅವರನ್ನು ನೆರೆಯಮ್ಮ ಎನ್ನುತ್ತೇನೆ.

ನೆರೆಯಮ್ಮ ಮಾತಾಡುವುದು ಬ್ರೂಕ್ಲಿನ್ನಿನ ಇಂಗ್ಲಿಷ್. ನನ್ನ ಕಿವಿಗೆ ಮಾತ್ರ ಅದು ಧಾರವಾಡದ ನಮ್ಮ ಸೋದರತ್ತೆಯ ಮಾತಿನ ಹಾಗೆಯೇ ಬೀಳುತ್ತದೆ. ಅದೇ ಗತ್ತು, ಅದೇ ಗದರಿಕೆ. ಆದ್ದರಿಂದ ಅವರ ಮಾತನ್ನೂ, ಅವರೊಡನೆ ನಾನು ಆಡಿದ್ದನ್ನೂ ಧಾರವಾಡದ ಕನ್ನಡದಲ್ಲೇ ಬರೆಯುತ್ತೇನೆ. ಮೈಸೂರಿನವರಾದ ನನ್ನ ಗಂಡ ಇದಕ್ಕೆ ಆಕ್ಷೇಪ ಎತ್ತಿದ್ದಾರೆ. ಆಕ್ಷೇಪವನ್ನು ಗಮನಿಸಿ ಮುಂದುವರಿದಿದ್ದೇನೆ.

ನಮ್ಮಿಬ್ಬರ ಸ್ನೇಹ ಶುರುವಾದದ್ದು ಜಗಳದಿಂದ. ನಾವು ಈ ಮನೆಗೆ ಬಂದ ಹೊಸದರಲ್ಲಿ ಅವರು ತಾವೇ ಬೇಯಿಸಿದ ಬನ್ನುಗಳನ್ನು ತಂದುಕೊಟ್ಟರು. ಕಚ್ಚಿದರೆ ಘಮ್ಮೆಂದು ಏಲಕ್ಕಿ. ಇದು ನಾರ್ವೆಯ ಸಾಂಪ್ರದಾಯಿಕ ಬನ್ನು, ನಮ್ಮಜ್ಜಿಯ ಕೈಯ ರುಚಿ ಎಂದು ಹೇಳಿದರು. ಏಲಕ್ಕಿ ನಮ್ಮದು, ನಿಮ್ಮ ದೇಶದ ಚಳಿಯಲ್ಲಿ ಒಂದು ಕಾಯಿ ಬೆಳೆದು ತೋರಿಸಿ ನೋಡೋಣ ಎಂದೆ. ಬೆಳೆದಿದ್ದು ನಿಮ್ಮದಿರಬಹುದು, ಬನ್ನಿಗೆ ಹಾಕುವ ಬುದ್ಧಿ ನಮ್ಮದು ಎಂದರು. ಆವತ್ತಿನಿಂದ ಏಲಕ್ಕಿ ನಾನು ಕೊಡುತ್ತೇನೆ, ಬನ್ನು ಅವರು ಕೊಡುತ್ತಾರೆ. ಯಾರು ಗೆದ್ದರೆಂದು ಇನ್ನೂ ತೀರ್ಮಾನವಾಗಿಲ್ಲ.

ಹೋದ ವರ್ಷದ ಚಳಿಗಾಲದಲ್ಲಿ ಅವರು ಒಂದು ಕಾಗದ ಹಿಡಿದುಕೊಂಡು ಬಂದರು. ಅವರ ಅಜ್ಜಿಯ ಹಳ್ಳಿಯ ಚರ್ಚಿನವರು ಬರೆದದ್ದು. ಬರುವ ಬೇಸಗೆಯಲ್ಲಿ ಚರ್ಚಿಗೆ ಒಂದು ದೊಡ್ಡ ಹಬ್ಬ, ಆ ನೆಪದಲ್ಲಿ ಚರ್ಚಿನ ಚರಿತ್ರೆಯ ಪುಸ್ತಿಕೆಯೊಂದನ್ನು ತರುತ್ತಿದ್ದೇವೆ, ಊರು ಬಿಟ್ಟು ಅಮೆರಿಕಕ್ಕೆ ಹೋದವರ ಮೊಮ್ಮಕ್ಕಳು ತಮಗೆ ತಿಳಿದದ್ದನ್ನು ಒಂದೊಂದು ಪುಟ ಬರೆದು ಕಳಿಸಬೇಕು ಎಂದಿತ್ತು. ಕೆಳಗೆ ಸಮಿತಿಯ ಕಾರ್ಯದರ್ಶಿಯ ಸಹಿ.

"ನನ್ನ ಕೈ ನಡಗತಾವು, ಕಣ್ಣು ಮಂಜ ಆಗ್ಯಾವು. ನೀ ಕಂಪ್ಯೂಟರದಾಕಿ. ನಾ ಹೇಳ್ತೀನಿ, ನೀ ಬರಕೋ," ಎಂದರು. ನಾನು ಮೂವತ್ತು ವರ್ಷ ರೂಟ್ ಒನ್ ಹೆದ್ದಾರಿಯಲ್ಲಿ ದಿನವೂ ಓಡಾಡಿ ಪ್ರಿನ್ಸ್‌ಟನ್ನಿನ ಒಂದು ಔಷಧಿ ಕಂಪನಿಗೆ ಪ್ರೋಗ್ರಾಮ್ ಬರೆದವಳು. ನಿವೃತ್ತಿಯಾದ ಮೇಲೆ ಬರೆಯಲು ಸಾಮಾನಿನ ಪಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ತಟ್ಟನೆ ಒಪ್ಪಿಕೊಂಡೆ.

ಮರುದಿನ ಅವರು ಹಳೆಯ ಫೋಟೋ ತುಂಬಿದ ಒಂದು ಚಪ್ಪಲಿ ಪೆಟ್ಟಿಗೆಯನ್ನೂ ಇಟ್ಟಿಗೆಯಷ್ಟು ದಪ್ಪನೆಯ ಒಂದು ಪುಸ್ತಕವನ್ನೂ ತಂದು ನಮ್ಮ ಅಡುಗೆಮನೆಯ ಮೇಜಿನ ಮೇಲಿಟ್ಟರು. ದಪ್ಪನೆಯದು ಊರಿನ ಹಳೆಯ ಚರಿತ್ರೆ. ಆ ದೇಶದಲ್ಲಿ ಪ್ರತಿ ಊರಿಗೂ ಇಂಥದೊಂದು ಇರುತ್ತದಂತೆ. ಅದರಲ್ಲಿ ಜನರನ್ನು ವಂಶದ ಪ್ರಕಾರ ಬರೆದಿಲ್ಲ, ಹೊಲಮನೆಯ, ಅಂದರೆ ಹೊಲ ಮತ್ತು ಅದರ ನಡುವಿನ ಮನೆಯ, ಪ್ರಕಾರ ಬರೆದಿದೆ. ಹಿಂದೆಲ್ಲ ಹೊಲಮನೆಯ ಹೆಸರೇ ಅಲ್ಲಿ ಇರುವವರ ಅಡ್ಡಹೆಸರು. ಮನೆ ಬದಲಾಯಿಸಿದರೆ ಅಡ್ಡಹೆಸರೂ ಬದಲಾಗುತ್ತಿತ್ತಂತೆ. ನೆರೆಯಮ್ಮ ಇದನ್ನು ಬಹಳ ವಿಚಿತ್ರ ಸಂಗತಿ ಎಂಬಂತೆ ಹೇಳಿದರು. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳಿವೆ ಎಂದು ನಾನು ಹೇಳಿದೆ. ಉಳ್ಳಾಗಡ್ಡಿ ಎಂದರೇನೆಂದು ತೋರಿಸಲು ಬುಟ್ಟಿಯಿಂದ ಒಂದು ಈರುಳ್ಳಿಯನ್ನು ತೆಗೆದು ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ಮುಂದೆ ವಿಚಿತ್ರದ ಮಾತೆತ್ತಲಿಲ್ಲ.

ದೊಡ್ಡ ಹೊಲಮನೆಗಳಿಗೆ ಆ ಪುಸ್ತಕದಲ್ಲಿ ಹತ್ತು ಹತ್ತು ಪುಟ. ಯಾರು ಯಾರನ್ನು ಮದುವೆಯಾದರು, ಎಷ್ಟು ಕುದುರೆ, ಎಷ್ಟು ಆಕಳು, ಚರ್ಚಿನಲ್ಲಿ ಯಾರ ಬೆಂಚು ಯಾವುದು, ಎಲ್ಲ ಇದೆ. ನೆರೆಯಮ್ಮನ ಅಜ್ಜಿಯ ಮನೆಯವರಿಗೆ ಸ್ವಂತ ಹೊಲ ಇರಲಿಲ್ಲ. ದೊಡ್ಡ ಹೊಲಮನೆಯೊಂದರ ಜಮೀನಿನ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು, ಅದಕ್ಕೆ ಬದಲಾಗಿ ಆ ಮನೆಯವರ ಹೊಲದಲ್ಲಿ ದುಡಿಯುವ ಒಕ್ಕಲು ಅವರು. ಅಂಥವರೆಲ್ಲ ಅಧ್ಯಾಯದ ಕೊನೆಯಲ್ಲಿ, ಸಣ್ಣ ಅಕ್ಷರಗಳಲ್ಲಿ. ನೆರೆಯಮ್ಮ ಅಜ್ಜಿಯ ಭಾಷೆ ಬಲ್ಲವರು, ಬೆರಳಿಟ್ಟು ಓದಿ ತೋರಿಸಿದರು. ಅಜ್ಜಿಯ ಹೆಸರೂ ಅಲ್ಲಿರಲಿಲ್ಲ. 'ಒಬ್ಬ ಮಗಳು, ಅಮೆರಿಕಕ್ಕೆ ಹೋದಳು' ಎಂದಷ್ಟೇ ಇತ್ತು.

"ನಾ ಸಾಯೂದರಾಗ ಈಕಿ ಅಲ್ಲೆ ಒಬ್ಬ ಮನಶ್ಯಾಳಂಗ ಕಾಣಬೇಕು ನೋಡು," ಎಂದರು. ಆ ಧ್ವನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಸರಿ, ಹೇಳಿ ಎಂದು ಲ್ಯಾಪ್‌ಟಾಪ್ ತೆರೆದು ಕೂತೆ. ಅವರು ಹೇಳಿದರು: ಚರ್ಚು ಕಟ್ಟಿಗೆಯದು. ಬಿಳಿ ಬಣ್ಣ. ಒಳಗೆ ಚಳಿ. ಅಜ್ಜಿ ಅಲ್ಲಿಗೆ ಹೋಗುತ್ತಿದ್ದಳು. ಆಮೇಲೆ ಬ್ರೂಕ್ಲಿನ್ನಿಗೆ ಬಂದಳು.

ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದೆ.

"ಆತಲ್ಲ," ಎಂದರು.

ಹೀಗಾದರೆ ಅರ್ಧ ಪುಟವೂ ತುಂಬುವುದಿಲ್ಲ ಎಂದು ಮೂರು ವಾರ ಕೆದಕಿದೆ. ಗಂಟಲಿನಿಂದ ಮುಳ್ಳು ತೆಗೆದ ಹಾಗೆ ಒಂದೊಂದೇ ಸಂಗತಿ ಹೊರಬಂತು. ಮೊದಲು ಅಲ್ಲಿ ಟಾರು ಬಳಿದ ಕಪ್ಪನೆಯ ಮರದ ಹಳೆಯ ಚರ್ಚೊಂದು ಇತ್ತು. ಚಿಕ್ಕದಾಯಿತು, ಕತ್ತಲೆ, ನಾತ ಎಂದು ಕೆಡವಿದರು. ಈಗ ಅಂಥದನ್ನು ನೋಡಲು ಜನ ಟಿಕೆಟು ಕೊಂಡು ಹೋಗುತ್ತಾರಂತೆ. ಊರು ಇರುವುದು ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಒಳನುಗ್ಗಿದ ಸಮುದ್ರದ ದಡದಲ್ಲಿ. ದಾರಿ ಎಂದರೆ ನೀರೇ. ಪಾದ್ರಿಗೆ ಮೂರು ಚರ್ಚು, ಆದ್ದರಿಂದ ಮೂರು ವಾರಕ್ಕೊಮ್ಮೆ ದೋಣಿಯಲ್ಲಿ ಬರುವುದು. ಗಾಳಿ ಜೋರಾದರೆ ಆರು ವಾರಕ್ಕೊಮ್ಮೆ. ಮದುವೆಯೂ ದೋಣಿಯಲ್ಲಿ, ಹೆಣವೂ ದೋಣಿಯಲ್ಲಿ. ಒಬ್ಬ ಪಾದ್ರಿ ದೇವರ ವಿಷಯಕ್ಕಿಂತ ಆಲೂಗಡ್ಡೆ ಬೆಳೆಯುವ ವಿಷಯವನ್ನೇ ಹೆಚ್ಚು ಬೋಧಿಸುತ್ತಿದ್ದನಂತೆ, ಅವನ ಕಾಲದಲ್ಲಿ ಚರ್ಚು ತುಂಬಿರುತ್ತಿತ್ತಂತೆ. ಒಳಗೆ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಸ್ವಂತ ಹೊಲದವರು ಮುಂದೆ, ಒಕ್ಕಲಿನವರು ಬಾಗಿಲ ಹತ್ತಿರ. ಛಾವಣಿಯಿಂದ ಒಂದು ಆಟಿಕೆಯಂಥ ಹಡಗು ತೂಗುಬಿದ್ದಿತ್ತು. ಅದು ಯಾಕೆ ಎಂದು ಕೇಳಿದರೆ, "ಯಾಕಂದ್ರ? ಸಮುದ್ರಕ್ಕ ಹೋದವರು ತಿರಗಿ ಬರಲಿ ಅಂತ," ಎಂದು ನನ್ನನ್ನೇ ದಡ್ಡಿಯ ಹಾಗೆ ನೋಡಿದರು.

ಇಷ್ಟೆಲ್ಲ ಬಂದರೂ ಅವರ ಅಜ್ಜಿ ಮಾತ್ರ ಎಲ್ಲೂ ಬರಲಿಲ್ಲ. ಅಜ್ಜಿ ಅಲ್ಲಿ ಏನು ಮಾಡಿದಳು ಎಂದು ಕೇಳಿದಾಗಲೆಲ್ಲ ನೆರೆಯಮ್ಮ ಬನ್ನಿನ ತಟ್ಟೆಯನ್ನು ನನ್ನ ಕಡೆ ಸರಿಸುತ್ತಿದ್ದರು. ಕಳಿಸುವ ಕೊನೆಯ ದಿನ ಹತ್ತಿರ ಬಂತು.

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಅವರು ಗದಗಿನ ಕಡೆಯ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರಾಗಿದ್ದರು. ಸುತ್ತಲಿನ ಊರುಗಳಲ್ಲಿ ಯಾವ ಗುಡಿಯ ಜೀರ್ಣೋದ್ಧಾರವಾದರೂ ಸ್ಥಳಪುರಾಣದ ಒಂದು ಪುಸ್ತಿಕೆ ಅಚ್ಚು ಹಾಕಿಸುವುದು ಪದ್ಧತಿ. ಅದನ್ನು ಬರೆದುಕೊಡುವುದು ನಮ್ಮಪ್ಪನ ಪಾಲಿನ ಸೇವೆ. ಊರು ಬೇರೆ ಬೇರೆ, ದೇವರು ಬೇರೆ ಬೇರೆ, ಆಕಳು ಮಾತ್ರ ಒಂದೇ. ಮೇಯಲು ಬಿಟ್ಟ ಆಕಳು ಸಂಜೆ ಮನೆಗೆ ಬಂದರೆ ಕೆಚ್ಚಲು ಬರಿದು. ಮನೆಯವರಿಗೆ ಸಂಶಯ. ಹಿಂದೆಯೇ ಹೋಗಿ ಮರೆಯಲ್ಲಿ ನಿಂತು ನೋಡಿದರೆ ಆಕಳು ತಾನಾಗಿಯೇ ಒಂದು ಹುತ್ತದ ಮೇಲೆ ಹಾಲು ಸುರಿಸುತ್ತಿದೆ. ಅಗೆದರೆ ದೇವರು. ಎಲ್ಲ ಊರಿಗೂ ಇದನ್ನೇ ಬರೀತೀರಲ್ಲ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ಆಕಳ ಬರಲಾರದ ಪುಸ್ತಿಕಿ ಯಾರೂ ಮನಿಗೆ ಒಯ್ಯೂದಿಲ್ಲವಾ," ಎಂದಿದ್ದರು.

ಆವತ್ತು ಬೇಳೆ ಬೇಯಲು ಇಟ್ಟು, ನೆರೆಯಮ್ಮನ ಒಣ ಪುಟವನ್ನು ಇನ್ನೊಮ್ಮೆ ಓದುತ್ತಿದ್ದೆ. ಅಪ್ಪನ ರಕ್ತ ಎಲ್ಲಿ ಹೋಗುತ್ತದೆ? ಬೆರಳುಗಳು ತಾವಾಗಿಯೇ ಓಡಿದವು. ಹಿಂದೆ, ಆ ಊರಿನಲ್ಲಿ ಚರ್ಚೇ ಇಲ್ಲದ ಕಾಲದಲ್ಲಿ, ಬಡ ಒಕ್ಕಲಿನ ಮನೆಯ ಹುಡುಗಿಯೊಬ್ಬಳು ಆಕಳು ಕಾಯುತ್ತಿದ್ದಳು. ದಿನವೂ ಸಂಜೆ ಕೆಚ್ಚಲು ಬರಿದು. ಅವಳು ಹಿಂದೆಯೇ ಹೋಗಿ ನೋಡಿದರೆ ಆಕಳು ನೀರಿನ ದಡದ ದಿಬ್ಬದ ಮೇಲೆ ಹುತ್ತಕ್ಕೆ ಹಾಲೆರೆಯುತ್ತಿದೆ. ಹುತ್ತ ಎಂದು ಬರೆದು ಅಳಿಸಿದೆ. ಆ ಚಳಿಗೆ ಗೆದ್ದಲು ಎಲ್ಲಿಂದ ಬರಬೇಕು? ಹುತ್ತವನ್ನು ಬಂಡೆ ಮಾಡಿದೆ. ಊರವರು ಅದೇ ದಿಬ್ಬದ ಮೇಲೆ ಚರ್ಚು ಕಟ್ಟಿದರು. ಆ ಹುಡುಗಿಯ ವಂಶದವಳೇ ನೆರೆಯಮ್ಮನ ಅಜ್ಜಿ. ಕುಕ್ಕರ್ ಮೂರನೆಯ ಸೀಟಿ ಕೂಗಿತು. ಒಲೆ ಆರಿಸಿ ಬಂದು ಓದಿಕೊಂಡೆ. ಬಹಳ ಚೆನ್ನಾಗಿತ್ತು.

ತೆಗೆದುಹಾಕುವ ಉದ್ದೇಶವೇ ಇತ್ತು. ಮೊದಲು ಅವರಿಗೆ ಓದಿ ಹೇಳಿ, ಇಬ್ಬರೂ ನಕ್ಕು, ಆಮೇಲೆ ಅಳಿಸುವುದು ಎಂದುಕೊಂಡೆ. ಓದಿದೆ. ಅವರು ನಗಲಿಲ್ಲ. ಕಿಟಕಿಯ ಹೊರಗೆ ತಮ್ಮ ಮನೆಯ ಕಡೆ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, "ನಮ್ಮಜ್ಜಿ ಹಿಂಗ ಏನೋ ಹೇಳಿದ್ದು ನೆನಪದ ಅನಸ್ತದ," ಎಂದರು.

ಈಗ ನಾನು ಏನು ಹೇಳಬೇಕು? ಇಲ್ಲ, ನಿಮ್ಮ ಅಜ್ಜಿ ಹೇಳಿಲ್ಲ, ಗದಗ ಜಿಲ್ಲೆಯ ನಮ್ಮಪ್ಪ ಹೇಳಿದ್ದು ಎನ್ನಬೇಕಿತ್ತು. ಬಾಯಿ ಬರಲಿಲ್ಲ. ನನ್ನ ಬಾಯಿ ಬಾರದೆ ಇದ್ದದ್ದು ಬದುಕಿನಲ್ಲಿ ಅದೊಂದೇ ಸಲ ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ನೆರೆಯಮ್ಮ ಕಳಿಸು ಎಂದರು. ಕಳಿಸಿದೆ.

ಎರಡೇ ವಾರದಲ್ಲಿ ಕಾರ್ಯದರ್ಶಿಯಿಂದ ಉತ್ತರ ಬಂತು. ಆತ ಎಪ್ಪತ್ತು ದಾಟಿದ ನಿವೃತ್ತ ಶಾಲಾಮಾಸ್ತರರು. ಇಂಗ್ಲಿಷು ಚೊಕ್ಕ. ಇಂಥ ಅಪರೂಪದ ಕಥೆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಚರ್ಚಿನ ಹಿಂದೆ ನಿಜಕ್ಕೂ ಒಂದು ಬಂಡೆ ಇದೆ, ಈಗ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದೇವೆ, ಪುಸ್ತಿಕೆಯ ಮೊದಲ ಪುಟದಲ್ಲೇ ಹಾಕಿ ಅಚ್ಚಿಗೆ ಕೊಟ್ಟಿದ್ದೇವೆ ಎಂದು ಬರೆದಿದ್ದರು. ಕೊನೆಯಲ್ಲಿ, ಹಬ್ಬದ ಭಾನುವಾರ ತಾವೇ ಬಂದು ಚರ್ಚಿನಲ್ಲಿ ಇದನ್ನು ಓದಬೇಕು, ನಮ್ಮ ಮನೆಯಲ್ಲೇ ಉಳಿಯಬೇಕು ಎಂದು ನೆರೆಯಮ್ಮನಿಗೆ ಆಹ್ವಾನ.

"ನಿನ್ನ ಹಸು ಅಟ್ಲಾಂಟಿಕ್ ದಾಟಿಬಿಡ್ತಲ್ಲೇ," ಎಂದರು ನನ್ನ ಗಂಡ. "ವೀಸಾ ಇಲ್ಲ, ಲಾಟರಿ ಇಲ್ಲ, ಎರಡೇ ವಾರಕ್ಕೆ ಅಪ್ರೂವಲ್. ಗ್ರೀನ್ ಕಾರ್ಡಿಗೆ ನಮ್ಮನ್ನ ಎಷ್ಟು ವರ್ಷ ಕಾಯಿಸಿದ್ರು ನೆನಪಿದೆಯಾ?"

"ನೀವು ಸುಮ್ಮ ಕೂಡ್ರಿ," ಎಂದೆ.

ಮಗಳಿಗೆ ಫೋನು ಮಾಡಿ ಹೇಳಿಕೊಂಡೆ. ಅವಳು, "ಅಮ್ಮಾ, ಯು ಗೇವ್ ಎ ಲೂಥರನ್ ಚರ್ಚ್ ಎ ಹೋಲಿ ಕೌ," ಎಂದು ಐದು ನಿಮಿಷ ನಕ್ಕಳು. ಆಮೇಲೆ ಗಂಭೀರಳಾಗಿ, "ಯು ಹ್ಯಾವ್ ಟು ಟೆಲ್ ಹರ್," ಎಂದಳು. ಇಂಥ ಬುದ್ಧಿಮಾತು ಇಂಗ್ಲಿಷಿನಲ್ಲಿ ಕೇಳಿದರೆ ಇನ್ನೂ ಚುಚ್ಚುತ್ತದೆ.

ಅಷ್ಟರಲ್ಲಿ ನೆರೆಯಮ್ಮ ಟಿಕೆಟು ತೆಗೆಸಿಯಾಗಿತ್ತು. ತಂಗಿಯ ಮಗಳು ಜೊತೆಗೆ ಹೋಗುವುದು ಎಂದಾಯಿತು. ಎಂಬತ್ತೆರಡು ವರ್ಷಕ್ಕೆ ಮೊದಲ ಸಲ ಅಜ್ಜಿಯ ಊರಿಗೆ ಹೊರಟ ಆ ಹೆಂಗಸು ಹೊಸ ಬೂಟು ತಂದು, ಅದನ್ನು ಹಾಕಿಕೊಂಡು ದಿನವೂ ನಮ್ಮ ಬೀದಿಯಲ್ಲಿ ನಡೆದು ಪಳಗಿಸುತ್ತಿದ್ದರು. ಆ ಟಕ್ ಟಕ್ ಸದ್ದು ಕೇಳಿದಾಗಲೆಲ್ಲ ನಾನು ಕಿಟಕಿಯ ಪರದೆ ಎಳೆಯುತ್ತಿದ್ದೆ. ಅವರು ಅಷ್ಟು ದೂರ ಹೋಗಿ, ತುಂಬಿದ ಚರ್ಚಿನಲ್ಲಿ ನಿಂತು, ನನ್ನ ಸುಳ್ಳು ಓದಿ, ಯಾರಾದರೂ ಬಲ್ಲವರು ಎದ್ದು ಒಂದು ಪ್ರಶ್ನೆ ಕೇಳಿದರೆ? ಅಜ್ಜಿಯ ಹೆಸರು ತರಲು ಹೋದವರು ಅವಳ ಹೆಸರಿಗೇ ಮಸಿ ಬಳಿದುಕೊಂಡು ಬರಬೇಕಾಗುತ್ತದೆ.

ಹೊರಡಲು ನಾಲ್ಕು ದಿನ ಇರುವಾಗ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಅವರು ಹಾಸಿಗೆಯ ಮೇಲೆ ಸೂಟ್‌ಕೇಸು ತೆರೆದು ಬಟ್ಟೆ ಮಡಿಸುತ್ತಿದ್ದರು.

"ನಿಮಗ ಒಂದ ಮಾತ ಹೇಳಬೇಕಾಗೇದ," ಎಂದೆ.

"ಆಕಳದ್ದೇನು?" ಎಂದರು, ತಲೆಯೆತ್ತದೆ.

ನಾನು ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತೆ.

"ಮೂವತ್ತು ವರ್ಷ ಸಾಲ್ಯಾಗ ನರ್ಸ್ ಇದ್ದಾಕಿ ನಾ. ಗಣಿತದ ಪರೀಕ್ಷಾ ಇದ್ದ ದಿನ ಹೊಟ್ಟಿ ನೋಯ್ತದ ಅಂತ ಬರೋ ಹುಡುಗರ ಮಾರಿ ಎಷ್ಟ ನೋಡಿಲ್ಲ? ನೀ ಓದಿ ಹೇಳೂ ಮುಂದ ನಿನ್ನ ಮಾರಿ ಹಂಗ ಇತ್ತು."

"ಮತ್ತ ಯಾಕ ಸುಮ್ಮನಿದ್ರಿ? ಅಜ್ಜಿ ಹೇಳಿದ್ದು ನೆನಪದ ಅಂದ್ರಿ."

"ಸುಳ್ಳು ನೀ ಒಬ್ಬಾಕಿನ ಹೇಳಬೇಕಂತೇನು?" ಎಂದು ಒಂದು ಸ್ವೆಟರನ್ನು ಪೆಟ್ಟಿಗೆಗೆ ಹಾಕಿದರು. "ಆ ದಪ್ಪ ಪುಸ್ತಕದಾಗ ದೊಡ್ಡ ಹೊಲಮನಿಯವರ ಆಕಳ ಎಷ್ಟು ಅಂತ ಸುದ್ದಾ ಬರದಾರ. ನಮ್ಮಜ್ಜಿ ಮನ್ಯಾಗ ಎರಡ ಆಡು ಇದ್ದೂ, ಅಷ್ಟ. ನೀ ಓದಿದಾಗ, ಅಂತೂ ನಮಗೂ ಒಂದ ಆಕಳ ಬಂತಲ್ಲ ಅಂತ ಖುಷಿ ಆತು. ಕಳಿಸು ಅಂದೆ."

ಹಾಗಾದರೆ ಖರೆ ಏನು, ಅಜ್ಜಿ ಅಲ್ಲಿ ಏನು ಮಾಡಿದಳು ಎಂದು ಕೊನೆಯ ಸಲ ಕೇಳಿದೆ. ಆಗ ಮನೆಯಲ್ಲಿ ಬನ್ನು ಇರಲಿಲ್ಲ. ಬಹುಶಃ ಅದಕ್ಕೇ ಹೇಳಿದರು.

ಆ ಊರಿನಲ್ಲಿ ಮಕ್ಕಳು ಹದಿನಾಲ್ಕು ಹದಿನೈದು ವರ್ಷಕ್ಕೆ ಬಂದಾಗ ಚರ್ಚಿನಲ್ಲಿ ಎಲ್ಲರೆದುರು ಧರ್ಮದ ಪಾಠ ಒಪ್ಪಿಸಬೇಕು. ಒಪ್ಪಿಸಿದವರು ಆವತ್ತಿನಿಂದ ದೊಡ್ಡವರೆಂದು ಲೆಕ್ಕ. ಅದಕ್ಕಾಗಿ ಮಕ್ಕಳು ಚರ್ಚಿನ ನೆಲದ ಮೇಲೆ ಸಾಲಾಗಿ ನಿಲ್ಲುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಎಲ್ಲರಿಗಿಂತ ಮುಂದೆ, ಬಲಿಪೀಠದ ಹತ್ತಿರ. ಆ ಮೊದಲ ಜಾಗದಲ್ಲಿ ನಿಂತವರ ಹೆಸರನ್ನು ಊರು ಅವರು ಸಾಯುವವರೆಗೆ ನೆನಪಿಡುತ್ತದೆ. ಹಾಗೆಂದು ಹೇಳುವುದು. ಆದರೆ ಮೊದಲ ಜಾಗದಲ್ಲಿ ನಿಲ್ಲುವುದು ಸಾಮಾನ್ಯವಾಗಿ ದೊಡ್ಡ ಹೊಲಮನೆಯ ಮಕ್ಕಳೇ. ಆ ವರ್ಷ ಧರ್ಮದ ಪ್ರಶ್ನೋತ್ತರದ ಪುಸ್ತಕ ಪೂರ್ತಿ ಬಾಯಿಪಾಠವಿದ್ದದ್ದು ನೆರೆಯಮ್ಮನ ಅಜ್ಜಿಗೆ. ಪಾದ್ರಿಗೂ ಅದು ಗೊತ್ತಿತ್ತು. ಅವಳನ್ನು ನಿಲ್ಲಿಸಿದ್ದು ಕೊನೆಯಲ್ಲಿ, ಬಾಗಿಲ ಹತ್ತಿರ. ಅವಳ ಮನೆಯವರು ಯಾರ ಒಕ್ಕಲಾಗಿದ್ದರೋ ಆ ಹೊಲಮನೆಯ ಮಗಳನ್ನು ಮೊದಲು ನಿಲ್ಲಿಸಿದರು. ಪಾದ್ರಿ ಪ್ರಶ್ನೆ ಕೇಳಿದ. ಆ ಹುಡುಗಿಗೆ ಬರಲಿಲ್ಲ. ಇನ್ನೊಂದು ಕೇಳಿದ. ಅದೂ ಬರಲಿಲ್ಲ. ಚರ್ಚು ತುಂಬ ಜನ. ಆಗ ಬಾಗಿಲ ಹತ್ತಿರದಿಂದ, ಯಾರೂ ಕೇಳದೆಯೇ, ಗಟ್ಟಿಯಾಗಿ ಉತ್ತರ ಬಂತು. ಒಂದಲ್ಲ, ಎರಡಕ್ಕೂ.

"ಊರ ಅದನ್ನ ಸೊಕ್ಕು ಅಂತು," ಎಂದರು ನೆರೆಯಮ್ಮ. "ಮುಂದಿನ ವಸಂತಕ್ಕ ಹೊಲಮನಿಯವರು ಆಕಿ ಅಪ್ಪಗ ಹೇಳಿ ಕಳಿಸಿದ್ರು, ನಿನ್ನ ಮಗಳಿಗೆ ಇಲ್ಲೆ ಕೆಲಸಾ ಇಲ್ಲ ಅಂತ. ಅಮೆರಿಕಾಕ್ಕ ಹೋದ್ಲು. ಅವ್ವನ ಮಾರಿ ಮತ್ತ ನೋಡಲಿಲ್ಲ. ನನಗ ಹೇಳಬೇಕಾದ್ರ ಪ್ರತಿ ಸಲ, ನಾ ಅವತ್ತ ಬಾಯಿ ಮುಚಗೊಂಡು ನಿಂತಿದ್ರ ಸಾಕಿತ್ತು ಅಂತಿದ್ಲು. ತನ್ನ ತಪ್ಪು ಅಂತನ ತಿಳಕೊಂಡು ಸತ್ಲು. ಅದಕ್ಕ ನಾ ಯಾರ ಮುಂದೂ ಹೇಳಿಲ್ಲ."

ನನಗೆ ಸಿಟ್ಟು ಬಂತು. ಇಷ್ಟು ದೊಡ್ಡ ಕಥೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಕೈಯಿಂದ ಆಕಳ ಹಾಲು ಹಿಂಡಿಸಿದರಲ್ಲ ಎಂದು. ಇದನ್ನೇ ಓದಿ, ಆಕಳನ್ನು ಬಿಟ್ಟುಬಿಡಿ ಎಂದೆ.

"ಆ ಕಾರ್ಯದರ್ಶಿ ಯಾರು ಗೊತ್ತದ ಏನು ನಿನಗ? ಆ ಹುಡುಗಿ ತಮ್ಮನ ಮೊಮ್ಮಗ. ಅದ ಹೊಲಮನಿ. ಅವರ ಮನ್ಯಾಗ ಉಂಡು, ಅವರ ಹಾಸಗ್ಯಾಗ ಮಲಗಿ, ಮುಂಜಾನೆ ಎದ್ದು ಚರ್ಚಿನ್ಯಾಗ ನಿಂತು ಅವರ ಮಾನಾ ಕಳೀಲೇನು?"

ಮನೆಗೆ ಬಂದು ಎರಡು ಕೆಲಸ ಮಾಡಿದೆ. ಮೊದಲನೆಯದು, ಕಾರ್ಯದರ್ಶಿಗೆ ಇಮೇಲ್: ಆಕಳು ನನ್ನದು, ನೆರೆಯಮ್ಮನದಲ್ಲ, ಕ್ಷಮಿಸಿ. ಪುಸ್ತಿಕೆ ಅಚ್ಚಾಗಿಬಿಟ್ಟಿದೆ, 'ಅಮೆರಿಕದಲ್ಲಿ ಹೀಗೆ ಹೇಳುತ್ತಾರೆ' ಎಂಬ ಚೀಟಿಯೊಂದನ್ನು ಆ ಪುಟಕ್ಕೆ ಅಂಟಿಸುತ್ತೇವೆ ಎಂದು ಮರುದಿನವೇ ಉತ್ತರ ಬಂತು. ಸಿಟ್ಟಾದ ಹಾಗೆ ಕಾಣಲಿಲ್ಲ. ಎರಡನೆಯದು, ಅಜ್ಜಿಯ ನಿಜವಾದ ಕಥೆಯನ್ನು ಒಂದು ಪುಟದಲ್ಲಿ ಟೈಪ್ ಮಾಡಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ನೆರೆಯಮ್ಮನಿಗೆ ಕೊಟ್ಟೆ. ಒಂದು ಅಲಂಕಾರವನ್ನೂ ಸೇರಿಸಲಿಲ್ಲ. ಅವರು ಅದನ್ನೂ ಆಕಳ ಪುಟವನ್ನೂ ಒಟ್ಟಿಗೆ ಮಡಿಸಿ ಪರ್ಸಿನಲ್ಲಿಟ್ಟುಕೊಂಡರು. ಯಾವುದನ್ನು ಓದುತ್ತೀರಿ ಎಂದರೆ, "ಅಲ್ಲೆ ನಿಂತಾಗ ನೋಡೂಣು," ಎಂದರು.

ಹಬ್ಬದ ಭಾನುವಾರ ನಮಗೆ ಬೆಳಗಿನ ಐದೂವರೆ. ನೆರೆಯಮ್ಮನ ತಂಗಿಯ ಮಗಳು ಫೋನಿನಲ್ಲಿ ವಿಡಿಯೋ ಕರೆ ಮಾಡಿ, ಅದನ್ನು ಚರ್ಚಿನ ಒಂದು ಬೆಂಚಿನ ಅಂಚಿಗೆ ಆನಿಸಿ ಇಟ್ಟಳು. ನಾನೂ ನನ್ನ ಗಂಡನೂ ಅಡುಗೆಮನೆಯ ಮೇಜಿನ ಮುಂದೆ ಕಾಫಿ ಹಿಡಿದು ಕೂತೆವು. ಬಿಳಿ ಗೋಡೆ, ಬಣ್ಣದ ಬಲಿಪೀಠ, ಹಲಗೆಯ ನೆಲ ಎಲ್ಲ ಕಂಡವು. ನಾನು ಮೂರು ವಾರ ಬರೆದ ಚರ್ಚು ನಾನು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು. ಹಾಡಾಯಿತು, ಪ್ರಾರ್ಥನೆಯಾಯಿತು. ಬಿಳಿ ಗಡ್ಡದ ಎತ್ತರದ ಒಬ್ಬರು ಎದ್ದು ಏನೋ ಹೇಳಿ ನೆರೆಯಮ್ಮನ ಕಡೆ ಕೈ ತೋರಿಸಿದರು. ಅವರೇ ಕಾರ್ಯದರ್ಶಿ.

"ಯಾವ ಪೇಪರ್ ತೆಗೀತಾರೆ ನೋಡು," ಎಂದು ನನ್ನ ಗಂಡ ಮುಂದಕ್ಕೆ ಬಾಗಿದರು.

ನೆರೆಯಮ್ಮ ಎದ್ದರು. ಪರ್ಸನ್ನು ಬೆಂಚಿನ ಮೇಲೇ ಬಿಟ್ಟರು. ಮೈಕು ಇದ್ದ ಕಡೆ ಹೋಗಲಿಲ್ಲ. ಬೆಂಚುಗಳ ನಡುವಿನ ದಾರಿಯಲ್ಲಿ ಹೊಸ ಬೂಟಿನಲ್ಲಿ ನಡೆದು ಹೋಗಿ, ಬಲಿಪೀಠಕ್ಕೆ ಹತ್ತಿರದ ಮೊದಲ ಹಲಗೆಯ ಮೇಲೆ, ಜನರಿಗೆ ಪಕ್ಕವಾಗಿ, ಎರಡೂ ಕೈಗಳನ್ನು ಮುಂದೆ ಕಟ್ಟಿಕೊಂಡು ನಿಂತರು. ಮೊದಲು ಅಜ್ಜಿಯಿಂದ ಕಲಿತ ನಾರ್ವೆಯ ಮಾತಿನಲ್ಲಿ, ಆಮೇಲೆ ಶಾಲೆಯ ಕಾರಿಡಾರಿಗೆಲ್ಲ ಕೇಳಿಸುವಂಥ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು.

"ನಮ್ಮಜ್ಜಿ ನಿಂದರಬೇಕಾಗಿದ್ದ ಜಾಗಾ ಇದು. ಆಕಿಗೆ ಎಲ್ಲಾ ಬರತಿತ್ತು. ಆಕಿನ್ನ ಬಾಗಲ ಕಡೆ ನಿಂದರಿಸಿದ್ರು. ನನಗೂ ಆಕಿನ ಕಲಿಸ್ಯಾಳ. ಪ್ರಶ್ನಾ ಕೇಳ್ರಿ."

ಅಜ್ಜ ಅಜ್ಜಿಯರಿಂದ ಆ ಹಳೆಯ ಸಂಗತಿ ಕೇಳಿ ಗೊತ್ತಿದ್ದವರು ಆ ಚರ್ಚಿನಲ್ಲಿ ಎಷ್ಟು ಜನ ಇದ್ದರೋ. ಹಿಂದಿನ ಬೆಂಚುಗಳಲ್ಲಿ ಕೆಲವು ಮುದುಕಿಯರು ತಟ್ಟನೆ ತಲೆಯೆತ್ತಿದ್ದು ಕಂಡಿತು. ಪಾದ್ರಿ ಚಿಕ್ಕ ವಯಸ್ಸಿನ ಹೆಂಗಸು. ಕಾರ್ಯಕ್ರಮದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು, ಅದರಲ್ಲಿ ಇದು ಇರಲಿಲ್ಲ. ನನ್ನ ಕಾಫಿ ತಣ್ಣಗಾಗಿತ್ತು. ಸುಮ್ಮನೆ ಆಕಳ ಪುಟ ಓದಿ ಬಂದಿದ್ದರೆ ಆಗುತ್ತಿತ್ತಲ್ಲ ಎಂದು ಒಂದು ಕ್ಷಣ ಅನ್ನಿಸಿದ್ದನ್ನು ಒಪ್ಪಿಕೊಳ್ಳುತ್ತೇನೆ.

ಕಾರ್ಯದರ್ಶಿ ಇನ್ನೂ ನಿಂತೇ ಇದ್ದರು. ಅವರ ಮುಖ ಕೆಂಪಾಗಿತ್ತು. ತಮ್ಮ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಿದರು. ನೆರೆಯಮ್ಮ ಉತ್ತರ ಹೇಳಿದರು. ನನಗೆ ಒಂದು ಅಕ್ಷರ ತಿಳಿಯಲಿಲ್ಲ, ಆದರೆ ಆ ರಾಗ ತಿಳಿಯಿತು. ನಾವು ಸಾಲಾಗಿ ನಿಂತು ಮಗ್ಗಿ ಒಪ್ಪಿಸುತ್ತಿದ್ದದ್ದು ಅದೇ ರಾಗದಲ್ಲಿ. ಇನ್ನೊಂದು ಕೇಳಿದರು. ಅದನ್ನೂ ಒಂದೇ ಉಸಿರಿಗೆ ಹೇಳಿದರು. ಆಮೇಲೆ ನೆರೆಯಮ್ಮ ಕತ್ತು ತಿರುಗಿಸಿ, ಹೊಟ್ಟೆನೋವಿನ ಹುಡುಗನನ್ನು ನೋಡುವ ಹಾಗೆ ಅವರನ್ನು ನೋಡಿ, "ಈಗ ನಾ ಕೇಳ್ತೀನಿ," ಎಂದು ತಾವೇ ಒಂದು ಪ್ರಶ್ನೆ ಕೇಳಿದರು.

ಚರ್ಚಿನಲ್ಲಿ ಸಣ್ಣಗೆ ನಗು ಎದ್ದಿತು. ನಿವೃತ್ತ ಮಾಸ್ತರರು ಉತ್ತರ ಶುರು ಮಾಡಿದರು. ಅರ್ಧಕ್ಕೆ ಬಂದು ನಿಂತರು. ಮತ್ತೆ ಮೊದಲಿನಿಂದ ಶುರು ಮಾಡಿ ಅದೇ ಜಾಗದಲ್ಲಿ ಸಿಕ್ಕಿಕೊಂಡರು. ಕಣ್ಣು ಮುಚ್ಚಿದರು, ತೆರೆದರು. ನಗು ನಿಂತುಹೋಯಿತು. ಆಗ ನೆರೆಯಮ್ಮ ಗಟ್ಟಿಯಾಗಿ ಅಲ್ಲ, ಅವರೊಬ್ಬರಿಗೇ ಎಂಬಂತೆ ಮೆಲ್ಲಗೆ, ಉಳಿದ ಅರ್ಧವನ್ನು ಹೇಳಿಕೊಟ್ಟರು. ಮಾಸ್ತರರು ಅದನ್ನು ಪೂರ್ತಿಯಾಗಿ, ಪದ ಪದವಾಗಿ, ಅವರ ಹಿಂದೆಯೇ ಹೇಳಿದರು.

ಕಾರ್ಯದರ್ಶಿ ತಮ್ಮ ಮನೆತನದ ಮುಂದಿನ ಬೆಂಚಿಗೆ ಹೋಗಿ ಕೂರುತ್ತಾರೆಂದು ನಾನು ತಿಳಿದೆ. ಅವರು ಹೋಗಲಿಲ್ಲ. ನೆಲದ ಹಲಗೆಗಳ ಮೇಲೆ ನಿಧಾನವಾಗಿ ನಡೆದು ಬಂದು, ನೆರೆಯಮ್ಮನ ನಂತರ, ಸಾಲಿನ ಎರಡನೆಯ ಜಾಗದಲ್ಲಿ, ಹಾಗೆಯೇ ಕೈ ಕಟ್ಟಿಕೊಂಡು ನಿಂತರು. ನನಗೆ ಅಳು ಬಂತು, ಜೋರಾಗಿಯೇ ಅತ್ತೆ. ಬಾಗಿಲ ಹತ್ತಿರ ಕೂತಿದ್ದ ಒಬ್ಬ ಮುದುಕಿ ಎದ್ದು ಬಂದು ಮೂರನೆಯ ಜಾಗದಲ್ಲಿ ನಿಂತಳು.